ಹೆಕ್ಟೇರ್ ಅನ್ನೋ ತಪ್ಪು ಯೂನಿಟ್

ಲ್ಯಾಬ್ ರೆಕಾರ್ಡ್ ಬರೆಯುವಾಗ ನಮಗೆಲ್ಲ ಗೊತ್ತಿರೋ ಒಂದು ನಿಯಮ ಇದೆ. ನಂಬರ್ ಎಷ್ಟೇ ಸರಿ ಇರಲಿ, ಯೂನಿಟ್ ತಪ್ಪಾದರೆ ಉತ್ತರ ತಪ್ಪು. ವೋಲ್ಟ್‌ನಲ್ಲಿ ಬರೀಬೇಕಾದ್ದನ್ನ ಆಂಪಿಯರ್‌ನಲ್ಲಿ ಬರೆದು, ‘ನಂಬರ್ ಸರಿ ಇದೆಯಲ್ಲ ಮೇಡಂ’ ಅಂತ ವಾದ ಮಾಡೋಕೆ ಆಗಲ್ಲ. ಆದರೆ ಕಾಲೇಜಿನ ಗೇಟಿನ ಹೊರಗೆ, ಸಾವಿರಾರು ಕೋಟಿ ರೂಪಾಯಿಯ ಯೋಜನೆಗಳ ವಿಷಯದಲ್ಲಿ ಈ ವಾದ ಆರಾಮಾಗಿ ನಡೀತಾ ಇದೆ. ‘ಇಷ್ಟೇ ಹೆಕ್ಟೇರ್ ಕಾಡು ಹೋಗೋದು, ಅದಕ್ಕೆ ಯಾಕಿಷ್ಟು ಗಲಾಟೆ?’ ಅಂತಾರೆ. ಕೇಳಿದವರು ಲೆಕ್ಕ ಹಾಕಿ ನೋಡ್ತಾರೆ. ಹೌದಲ್ಲ, ತುಂಬಾ ಕಮ್ಮಿ. ಮಾತು ಅಲ್ಲಿಗೆ ಮುಗೀತದೆ.

ನನ್ನ ವಾದ ಇಷ್ಟೇ: ನಮ್ಮ ಮಳೆಕಾಡಿನ ಮಟ್ಟಿಗೆ ಹೆಕ್ಟೇರ್ ಅನ್ನೋದು ತಪ್ಪು ಯೂನಿಟ್. ಕಾಡು ಎಷ್ಟು ಹೋಯ್ತು ಅನ್ನೋದಕ್ಕಿಂತ, ಉಳಿದ ಕಾಡು ಒಂದಕ್ಕೊಂದು ಸೇರಿಕೊಂಡಿದೆಯಾ ಇಲ್ವಾ ಅನ್ನೋದು ದೊಡ್ಡ ಪ್ರಶ್ನೆ. ಮತ್ತೆ ಈ ಪ್ರಶ್ನೆ ಕೇಳಬೇಕಾದವರು ಪರಿಸರ ಹೋರಾಟಗಾರರು ಮಾತ್ರ ಅಲ್ಲ. ಎಂಜಿನಿಯರಿಂಗ್ ಓದ್ತಿರೋ ನಾವೂ ಕೇಳಬೇಕು, ಯಾಕಂದ್ರೆ ನಾಳೆ ಆ ಡ್ರಾಯಿಂಗ್ ಹಾಕೋರು ನಾವೇ.

ಉದಾಹರಣೆಗೆ ದೂರ ಹೋಗೋದು ಬೇಡ. ಶರಾವತಿ ಕಣಿವೆ ಸಾಕು.

ಕಾನು ಅಂದ್ರೆ ಏನು

ನನ್ನ ಹಾಗೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೆ ರೇನ್‌ಫಾರೆಸ್ಟ್ ಅಂದ ತಕ್ಷಣ ಕಣ್ಣೆದುರು ಬರೋದು ಅಮೆಜಾನ್. ಪಠ್ಯಪುಸ್ತಕದಲ್ಲಿ ಒಂದು ಅನಕೊಂಡ, ಒಂದು ಬಣ್ಣದ ಗಿಳಿ, ಪರೀಕ್ಷೆಗೆ ಎರಡು ಮಾರ್ಕಿನ ಪ್ರಶ್ನೆ. ಕನ್ನಡ ಪುಸ್ತಕದಲ್ಲಾದರೆ ‘ನಿತ್ಯಹರಿದ್ವರ್ಣ ಕಾಡು’ ಅನ್ನೋ ಉದ್ದನೆಯ ಪದ. ಆದರೆ ಶಿವಮೊಗ್ಗ, ಉತ್ತರ ಕನ್ನಡದ ಜನ ಇದಕ್ಕೆ ಎರಡಕ್ಷರದ ಹೆಸರು ಇಟ್ಟು ಎಷ್ಟೋ ತಲೆಮಾರು ಆಗಿದೆ: ಕಾನು. ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಅಂತಲೇ ಒಂದು ಜಾಗ ಇದೆ. ಹೆಸರೇ ಹೇಳುತ್ತೆ, ಮೇಲಿನ ಎಲೆಗಳ ಚಪ್ಪರ ಎಷ್ಟು ದಟ್ಟ ಅಂತ.

ಈ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ಜಡ್ಡಿ ಅಂದ್ರೆ ಸದಾ ನೀರು ಜಿನುಗೋ ಕೆಸರು ನೆಲ. ಅಂಥ ನೆಲದಲ್ಲಿ ಬೇರಿಗೆ ಉಸಿರಾಡೋಕೆ ಗಾಳಿ ಸಿಗಲ್ಲ. ಅದಕ್ಕೆ ರಾಮಪತ್ರೆ ಜಾತಿಯ ಕೆಲವು ಮರಗಳು ಬೇರನ್ನ ಮಣ್ಣಿನಿಂದ ಮೇಲಕ್ಕೆ ತಂದು, ಮಡಚಿದ ಮೊಣಕಾಲಿನ ಥರ ಬಗ್ಗಿಸಿ, ಮತ್ತೆ ಒಳಗೆ ಇಳಿಸುತ್ತವೆ. ಕೆಸರಿನ ತುಂಬ ಮೊಣಕಾಲುಗಳು ಎದ್ದು ನಿಂತ ಹಾಗೆ ಕಾಣುತ್ತೆ. ಈ ಜಡ್ಡಿಗಳಿಂದ ಬೇಸಿಗೆಯಲ್ಲೂ ನೀರು ಹರೀತದೆ, ಕೆಳಗಿನ ಅಡಿಕೆ ತೋಟಗಳಿಗೆ ಅದೇ ಆಧಾರ. ಪಶ್ಚಿಮ ಘಟ್ಟದಲ್ಲಿ ಇಂಥ ಜಡ್ಡಿಗಳು ಈಗ ಅಲ್ಲೊಂದು ಇಲ್ಲೊಂದು ತುಣುಕಾಗಿ ಮಾತ್ರ ಉಳಿದಿವೆ.

ಇದೇ ಭಾಗದ ಕಾಡಿನ ಹೊಳೆಗಳಲ್ಲಿ ಒಂದು ಕಪ್ಪೆ ಇದೆ. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ಕಪ್ಪೆ ತನ್ನ ಮುಂಗಾಲಲ್ಲಿ ಹೊಳೆಯ ಮಣ್ಣು ತಂದು ಮೊಟ್ಟೆಗಳ ಮೇಲೆ ಮೆತ್ತುತ್ತೆ, ಮಡಿಕೆಗೆ ಮಣ್ಣು ಸವರಿದ ಹಾಗೆ. 2014ರಲ್ಲಿ ವಿಜ್ಞಾನಿಗಳು ಅದನ್ನ ಹೊಸ ಪ್ರಭೇದ ಅಂತ ದಾಖಲಿಸಿದಾಗ ಇಟ್ಟ ಹೆಸರು ‘ನಿಕ್ಟಿಬ್ಯಾಟ್ರಕಸ್ ಕುಂಬಾರ’. ನಮ್ಮ ಕುಂಬಾರನೇ! ವಿಜ್ಞಾನದ ಪಟ್ಟಿಯಲ್ಲಿ ಒಂದು ಕನ್ನಡ ಪದ ಶಾಶ್ವತವಾಗಿ ಕೂತಿದೆ. ಇದಕ್ಕೆ ರಾಜ್ಯೋತ್ಸವದ ದಿನ ಒಂದು ಚಪ್ಪಾಳೆಯನ್ನಾದರೂ ಹೊಡೀಬೇಕಿತ್ತು ನಾವು.

ಇನ್ನು ಕಥಾನಾಯಕ: ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ಬೂದುಬಿಳಿ ಕೇಸರ, ಬಾಲದ ತುದಿಯಲ್ಲಿ ಸಿಂಹದ ಥರ ಕುಚ್ಚು. ಪ್ರಪಂಚದಲ್ಲಿ ಎಲ್ಲಿ ಹುಡುಕಿದರೂ ಕರ್ನಾಟಕ, ಕೇರಳ, ತಮಿಳುನಾಡಿನ ಘಟ್ಟದ ಕಾಡು ಬಿಟ್ಟು ಬೇರೆ ಕಡೆ ಇದು ಕಾಡಿನಲ್ಲಿ ಬದುಕಿಲ್ಲ. ಎಲ್ಲ ಸೇರಿಸಿದರೂ ಅಂದಾಜು 4000ದ ಆಸುಪಾಸು. ಅದರಲ್ಲಿ ಸುಮಾರು 700 ಶರಾವತಿ, ಅಘನಾಶಿನಿ ಕಣಿವೆಯ ಕಾಡಿನಲ್ಲಿವೆ. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಇದು ಅಳಿವಿನಂಚಿನ ಪ್ರಾಣಿ. ಇದನ್ನ ಕಾಪಾಡೋಕೆ ಅಂತಲೇ 2019ರಲ್ಲಿ ಶರಾವತಿ ಕಣಿವೆಯ ಹಳೆಯ ಅಭಯಾರಣ್ಯವನ್ನ ಹಿಗ್ಗಿಸಿ, ಸುಮಾರು 930 ಚದರ ಕಿಲೋಮೀಟರ್‌ನ ಸಿಂಗಳೀಕ ಅಭಯಾರಣ್ಯ ಮಾಡಲಾಯ್ತು.

ನಾವು ಊರಲ್ಲಿ, ದೇವಸ್ಥಾನದಲ್ಲಿ ನೋಡೋ ಕೋತಿಯ ಹಾಗಲ್ಲ ಇದು. ಹುಟ್ಟೋದು, ತಿನ್ನೋದು, ಮಲಗೋದು ಎಲ್ಲ ಮರದ ಮೇಲೆ. ಕೊಂಬೆಯಿಂದ ಕೊಂಬೆಗೆ ಹೋಗುತ್ತೆ, ನೆಲಕ್ಕಿಳಿಯೋದು ಅಪರೂಪ. ಒಂದು ಗುಂಪಿಗೆ ವರ್ಷಪೂರ್ತಿ ಹಣ್ಣು, ಹುಳ ಸಿಗಬೇಕು ಅಂದ್ರೆ ಕೆಲವು ಚದರ ಕಿಲೋಮೀಟರ್ ಕಾಡು ಬೇಕು. ತಾಯಿ ಸುಮಾರು ಎರಡೂವರೆ ಮೂರು ವರ್ಷಕ್ಕೆ ಒಂದು ಮರಿ ಹಾಕುತ್ತೆ. ಅಂದ್ರೆ ಒಂದು ಗುಂಪಿನಲ್ಲಿ ನಾಲ್ಕು ಸತ್ತರೆ ಆ ಜಾಗ ತುಂಬೋಕೆ ಎಷ್ಟೋ ವರ್ಷ ಬೇಕು.

ಈ ಎರಡು ವಿಷಯ ನೆನಪಿಟ್ಟುಕೊಳ್ಳಿ: ನೆಲಕ್ಕಿಳಿಯಲ್ಲ, ಬೇಗ ಹೆಚ್ಚಲ್ಲ. ಮುಂದಿನ ಲೆಕ್ಕಕ್ಕೆ ಬೇಕಾಗುತ್ತೆ.

ನೀರನ್ನ ಮೇಲೆ ಹತ್ತಿಸಿ ಇಳಿಸೋ ಯೋಜನೆ

ಈ ಅಭಯಾರಣ್ಯದ ಒಳಗೆ ಶರಾವತಿ ಪಂಪ್ಡ್ ಸ್ಟೋರೇಜ್ ಅನ್ನೋ 2000 ಮೆಗಾವ್ಯಾಟ್ ಯೋಜನೆಯ ಪ್ರಸ್ತಾಪ ಇದೆ. ಮೇಲೆ ತಲಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪ ಜಲಾಶಯ. ಎರಡೂ ಈಗಾಗಲೇ ಇರೋವು. ಮಧ್ಯೆ ನಾನೂರು ಮೀಟರ್‌ಗೂ ಹೆಚ್ಚು ಎತ್ತರದ ವ್ಯತ್ಯಾಸ. ಗ್ರಿಡ್‌ನಲ್ಲಿ ಕರೆಂಟ್ ಜಾಸ್ತಿ ಇದ್ದಾಗ ಕೆಳಗಿನ ನೀರನ್ನ ಮೇಲಕ್ಕೆ ಪಂಪ್ ಮಾಡೋದು. ಸಂಜೆ ಎಲ್ಲರ ಮನೆಯಲ್ಲೂ ಲೈಟು, ಮಿಕ್ಸಿ, ಟಿವಿ ಶುರುವಾದಾಗ ಅದೇ ನೀರನ್ನ ಕೆಳಕ್ಕೆ ಬಿಟ್ಟು ಟರ್ಬೈನ್ ತಿರುಗಿಸೋದು. ಒಟ್ಟಲ್ಲಿ ನೀರಿನಿಂದ ಮಾಡಿದ ದೊಡ್ಡ ಬ್ಯಾಟರಿ.

ಎಂಜಿಎಚ್ ಫಾರ್ಮುಲಾ ಹಾಕಿ ನೋಡಿ. 1000 ಲೀಟರ್ ನೀರನ್ನ 450 ಮೀಟರ್ ಏರಿಸಿದರೆ ಅದರಲ್ಲಿ ಕೂಡಿಡೋ ಶಕ್ತಿ ಸುಮಾರು 1.2 ಯೂನಿಟ್ ಕರೆಂಟ್. ಒಂದು ಸಿಂಟೆಕ್ಸ್ ಟ್ಯಾಂಕ್ ನೀರು ನಮ್ಮ ಹಾಸ್ಟೆಲ್ ಗೀಸರನ್ನ ಅರ್ಧ ಗಂಟೆ ಓಡಿಸಿದರೆ ಹೆಚ್ಚು. ಹಾಗಾಗಿ ಲೆಕ್ಕವಿಲ್ಲದಷ್ಟು ನೀರು ಬೇಕು, ದೊಡ್ಡ ಸುರಂಗಗಳು ಬೇಕು. ಇನ್ನೊಂದು ಮಾತು: ಪಂಪ್ಡ್ ಸ್ಟೋರೇಜ್ ಹೊಸದಾಗಿ ಕರೆಂಟ್ ಹುಟ್ಟಿಸಲ್ಲ. 100 ಯೂನಿಟ್ ಖರ್ಚು ಮಾಡಿ ನೀರು ಏರಿಸಿದರೆ ವಾಪಸ್ ಸಿಗೋದು ಸುಮಾರು 75ರಿಂದ 80 ಯೂನಿಟ್.

ಹಾಗಂತ ಇದು ದಡ್ಡ ತಂತ್ರಜ್ಞಾನ ಅಲ್ಲ. ಸೋಲಾರ್ ಹಗಲು ಮಾತ್ರ ಸಿಗುತ್ತೆ, ನಮ್ಮ ಬಳಕೆ ಸಂಜೆ ಏರುತ್ತೆ. ಪಾವಗಡದ ಸೋಲಾರ್ ಪಾರ್ಕ್ ಸಂಜೆ ಏಳಕ್ಕೆ ಕೆಲಸ ಮಾಡಲ್ಲ. ಆ ಹೊತ್ತಿಗೆ ಕಲ್ಲಿದ್ದಲು ಸುಡಬಾರದು ಅಂದ್ರೆ ಕರೆಂಟನ್ನ ಎಲ್ಲಾದರೂ ಕೂಡಿಡಲೇಬೇಕು. ಶರಾವತಿ ಯೋಜನೆಯ ಪರ ಇರೋರು ಹೇಳೋ ಮೂರು ಮಾತಿನಲ್ಲೂ ಹುರುಳಿದೆ. ಹೊಸ ಅಣೆಕಟ್ಟು ಕಟ್ಟೋದಿಲ್ಲ. ಸುರಂಗ, ಪವರ್‌ಹೌಸ್ ನೆಲದಡಿ ಇರುತ್ತೆ. ಬೇಕಾಗಿರೋ ಅರಣ್ಯಭೂಮಿ ಸುಮಾರು 54 ಹೆಕ್ಟೇರ್ ಮಾತ್ರ. ಹವಾಮಾನ ಬದಲಾವಣೆಯ ಬಗ್ಗೆ ಚಿಂತೆ ಇರೋ ಯಾರೂ ಇದನ್ನ ಒಂದೇ ಏಟಿಗೆ ತಳ್ಳಿಹಾಕಬಾರದು.

ಹಾಗಾದ್ರೆ ತಕರಾರು ಎಲ್ಲಿ? ಆ ‘ಮಾತ್ರ’ದಲ್ಲಿ.

54 ಹೆಕ್ಟೇರ್ ಅಂದ್ರೆ ಎಷ್ಟು

54 ಹೆಕ್ಟೇರ್ ಅಂದ್ರೆ 0.54 ಚದರ ಕಿಲೋಮೀಟರ್. 930 ಚದರ ಕಿಲೋಮೀಟರ್‌ನ ಅಭಯಾರಣ್ಯದಲ್ಲಿ ಇದು ಶೇ. 0.06ಕ್ಕಿಂತ ಕಮ್ಮಿ. ಲ್ಯಾಬ್‌ನಲ್ಲಾದರೆ ಇಷ್ಟು ಚಿಕ್ಕ ನಂಬರನ್ನ ಎರರ್ ಅಂತ ಬಿಟ್ಟುಬಿಡ್ತೀವಿ.

ಈಗ ಅದೇ 54 ಹೆಕ್ಟೇರನ್ನ ಬೇರೆ ಆಕಾರದಲ್ಲಿ ನೋಡಿ. ಚೌಕ ಮಾಡಿದರೆ ಒಂದು ಬದಿ ಸುಮಾರು 735 ಮೀಟರ್. ಕಾಡಿನ ಒಂದು ಮೂಲೆಯಲ್ಲಿ ಹತ್ತು ನಿಮಿಷದಲ್ಲಿ ನಡೆದು ದಾಟೋ ಜಾಗ. ಅದನ್ನೇ 20 ಮೀಟರ್ ಅಗಲದ ಪಟ್ಟಿ ಮಾಡಿದರೆ ಉದ್ದ 27 ಕಿಲೋಮೀಟರ್! ಎರಡಕ್ಕೂ ಹೆಕ್ಟೇರ್ ಅಷ್ಟೇ. ಆದರೆ ಚೌಕ ಕಾಡಿಗೆ ಒಂದು ತೂತು ಮಾಡುತ್ತೆ, ಪಟ್ಟಿ ಕಾಡನ್ನ ಸೀಳುತ್ತೆ. ಈ 27 ಕಿಲೋಮೀಟರ್ ಅನ್ನೋದು ಯೋಜನೆಯ ನಕ್ಷೆಯಲ್ಲಿರೋ ಅಳತೆ ಅಲ್ಲ, ಆಕಾರ ಎಷ್ಟು ಮುಖ್ಯ ಅಂತ ತೋರಿಸೋಕೆ ನಾನು ಹಾಕಿದ ಲೆಕ್ಕ. ಆದರೆ ಇಂಥ ಕಾಮಗಾರಿಗೆ ಕಾಡೊಳಗೆ ಬರೋದು ಹೆಚ್ಚಾಗಿ ಉದ್ದುದ್ದದ ಜಾಗಗಳೇ. ಸುರಂಗದ ಬಾಯಿಗೆ ಹೋಗೋಕೆ ರಸ್ತೆ, ಅಗೆದ ಕಲ್ಲುಮಣ್ಣು ಸಾಗಿಸೋಕೆ ರಸ್ತೆ, ಕರೆಂಟ್ ಹೊರಗೆ ಒಯ್ಯೋಕೆ ಲೈನು. ಸುರಂಗ ನೆಲದಡಿ ಇರಬಹುದು, ಲಾರಿ ನೆಲದಡಿ ಓಡಲ್ಲ.

ಡಿಸ್ಕ್ರೀಟ್ ಮ್ಯಾಥ್ಸ್‌ನಲ್ಲಿ ಗ್ರಾಫ್ ಥಿಯರಿ ಓದಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಸಿಂಗಳೀಕಕ್ಕೆ ಕಾಡು ಅಂದ್ರೆ ಏರಿಯಾ ಅಲ್ಲ, ನೆಟ್‌ವರ್ಕ್. ಪ್ರತಿ ಮರ ಒಂದು ನೋಡ್. ಎರಡು ಮರದ ಕೊಂಬೆ ಜಿಗಿಯೋ ದೂರದಲ್ಲಿದ್ದರೆ ಅವುಗಳ ಮಧ್ಯೆ ಒಂದು ಎಡ್ಜ್. ದೊಡ್ಡ ಗ್ರಾಫಿನಲ್ಲಿ ನೂರು ಎಡ್ಜ್ ತೆಗೆದರೂ ಕೆಲವೊಮ್ಮೆ ಏನೂ ಆಗಲ್ಲ, ಬೇರೆ ದಾರಿ ಇರುತ್ತೆ. ಆದರೆ ಕೆಲವು ಎಡ್ಜ್‌ಗಳಿಗೆ ಬ್ರಿಡ್ಜ್ ಅಂತಾರೆ. ಅದೊಂದನ್ನ ತೆಗೆದರೆ ಗ್ರಾಫ್ ಎರಡು ತುಂಡಾಗುತ್ತೆ. ಎಷ್ಟು ತೆಗೆದ್ರಿ ಅನ್ನೋದಕ್ಕಿಂತ ಯಾವುದನ್ನ ತೆಗೆದ್ರಿ ಅನ್ನೋದು ಮುಖ್ಯ.

ಕಾಡು ತುಂಡಾದರೆ ಸಿಂಗಳೀಕ ಅವತ್ತೇ ಸಾಯಲ್ಲ. ಆಚೆ ಗುಂಪು ಆಚೆ ಉಳಿಯುತ್ತೆ, ಈಚೆ ಗುಂಪು ಈಚೆ. ಬೆಳೆದ ಗಂಡುಗಳು ಇನ್ನೊಂದು ಗುಂಪಿಗೆ ಹೋಗೋ ದಾರಿ ಮುಚ್ಚುತ್ತೆ. ರಕ್ತಸಂಬಂಧದ ಒಳಗೇ ಮರಿಗಳಾಗೋಕೆ ಶುರುವಾಗುತ್ತೆ. ಒಂದು ವರ್ಷ ಈಚೆ ಹಣ್ಣು ಕೈಕೊಟ್ಟರೆ ಆಚೆ ಹೋಗೋಕಾಗಲ್ಲ, ನೆಲಕ್ಕಿಳಿದು ರಸ್ತೆ ದಾಟಬೇಕು. ಮೂರು ವರ್ಷಕ್ಕೊಂದು ಮರಿ ಹಾಕೋ ಪ್ರಾಣಿಗೆ ಒಂದು ಆಕ್ಸಿಡೆಂಟ್ ಕೂಡ ದೊಡ್ಡ ನಷ್ಟವೇ.

ಶರಾವತಿ ಕಣಿವೆಯ ಗ್ರಾಫ್ ಈಗಾಗಲೇ ಸಾಕಷ್ಟು ಹರಿದಿದೆ ಅನ್ನೋದನ್ನ ಮರೀಬಾರದು. 1948ರಲ್ಲಿ ಜೋಗದ ವಿದ್ಯುದಾಗಾರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು. 1035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರ. ಆಮೇಲೆ ಕೆಳಗೆ 240 ಮೆಗಾವ್ಯಾಟ್‌ನ ಗೇರುಸೊಪ್ಪ. ಹೊಳೆಯ ಎರಡೂ ದಡದ ಎಷ್ಟೋ ಕಾನು ನೀರೊಳಗೆ ಹೋಯ್ತು. ಪ್ರತಿ ಸಲವೂ ‘ಇದೊಂದು’ ಅಂತಲೇ ಲೆಕ್ಕ ಹಾಕಿದ್ದು. ಶೇ. 0.06 ಅನ್ನೋ ಲೆಕ್ಕದಲ್ಲಿ ಹಿಂದೆ ಹೋದದ್ದು ಯಾವುದೂ ಸೇರಿಲ್ಲ.

‘ಬದಲಿಗೆ ಬೇರೆ ಕಡೆ ಗಿಡ ನೆಡ್ತೀವಲ್ಲ’ ಅನ್ನೋ ಮಾತೂ ಬರುತ್ತೆ. ಅರಣ್ಯಭೂಮಿ ಕೊಟ್ಟರೆ ಪರಿಹಾರಾತ್ಮಕ ಅರಣ್ಯೀಕರಣ ಮಾಡಬೇಕು ಅಂತ ನಿಯಮ ಇದೆ. ಅಷ್ಟೇ ಅಳತೆಯ ಬೇರೆ ಭೂಮಿಯಲ್ಲೋ, ಎರಡರಷ್ಟು ಹಾಳುಬಿದ್ದ ಕಾಡಿನಲ್ಲೋ ಗಿಡ ನೆಡೋದು. ಇಲ್ಲೂ ಹೆಕ್ಟೇರಿಗೆ ಹೆಕ್ಟೇರ್. ಬಯಲುಸೀಮೆಯ ಯಾವುದೋ ಗುಡ್ಡದ ಮೇಲೆ ಸಾಲಾಗಿ ನಿಂತ ಗಿಡಗಳು ಒಳ್ಳೇದೇ, ಬೇಡ ಅನ್ನಲ್ಲ. ಆದರೆ ಗೇರುಸೊಪ್ಪದ ಸಿಂಗಳೀಕ ಅಲ್ಲಿಗೆ ಬಸ್ ಹತ್ತಿ ಹೋಗಲ್ಲ. ರಾಮಪತ್ರೆಯ ಮೊಣಕಾಲು ಬೇರು ನರ್ಸರಿಯ ಪ್ಲಾಸ್ಟಿಕ್ ಚೀಲದಲ್ಲಿ ಬೆಳೆಯಲ್ಲ. ಸರ್ಕ್ಯೂಟಿನಿಂದ ಒಂದು ಐಸಿ ಕಿತ್ತು, ಅದಕ್ಕೆ ಬದಲಾಗಿ ಡ್ರಾಯರಿನಲ್ಲಿ ಎರಡು ಐಸಿ ಇಟ್ಟಿದ್ದೀನಿ ಅಂದ ಹಾಗೆ ಇದು.

ಹಾಗಾದ್ರೆ ಕರೆಂಟ್ ಬೇಡ್ವಾ?

ಬೇಕು. ಈ ಪ್ರಶ್ನೆಯನ್ನ ನಾವು ತಪ್ಪಿಸಿಕೊಳ್ಳಬಾರದು. ಕಾಡು ಉಳಿಸಿ ಅಂತ ಪೋಸ್ಟ್ ಹಾಕೋ ಫೋನು ಕೂಡ ಚಾರ್ಜ್ ಆಗಬೇಕಲ್ಲ.

ಆದರೆ ‘ಈ ಯೋಜನೆ ಬೇಕಾ ಬೇಡ್ವಾ’ ಅನ್ನೋದಕ್ಕಿಂತ ಮೊದಲು ಕೇಳಬೇಕಾದ್ದು ‘ಸಂಜೆಯ ಕರೆಂಟಿಗೆ ಬೇರೆ ಏನೇನು ದಾರಿ ಇದೆ, ಪ್ರತಿಯೊಂದರ ಪೂರ್ತಿ ಖರ್ಚು ಎಷ್ಟು?’ ಅಂತ. ಇದು ಭಾವನೆಯ ಪ್ರಶ್ನೆ ಅಲ್ಲ, ಶುದ್ಧ ಎಂಜಿನಿಯರಿಂಗ್ ಪ್ರಶ್ನೆ. ಪಂಪ್ಡ್ ಸ್ಟೋರೇಜ್‌ಗೆ ಮಳೆಕಾಡೇ ಬೇಕು ಅಂತೇನಿಲ್ಲ, ಎತ್ತರ ಮತ್ತೆ ನೀರು ಬೇಕು. ಆಂಧ್ರದ ಪಿನ್ನಾಪುರಂನಲ್ಲಿ ಒಣ ಗುಡ್ಡಗಾಡಿನಲ್ಲಿ, ನದಿಯಿಂದ ದೂರ, ಸಾವಿರ ಮೆಗಾವ್ಯಾಟ್‌ಗೂ ದೊಡ್ಡ ಪಂಪ್ಡ್ ಸ್ಟೋರೇಜ್ ಕಟ್ಟಿದ್ದಾರೆ. ಒಂದು ಸಲ ನೀರು ತುಂಬಿಸಿ, ಅದನ್ನೇ ಮೇಲೆ ಕೆಳಗೆ ಓಡಿಸೋದು, ಆವಿಯಾದಷ್ಟು ಮತ್ತೆ ಸೇರಿಸೋದು. ಇನ್ನೊಂದು ಕಡೆ ಬ್ಯಾಟರಿ ಬೆಲೆ ವರ್ಷದಿಂದ ವರ್ಷಕ್ಕೆ ಇಳೀತಾ ಬಂದಿದೆ. ಬ್ಯಾಟರಿಯನ್ನ ಸಬ್‌ಸ್ಟೇಷನ್ ಪಕ್ಕದಲ್ಲೇ ಇಡಬಹುದು. ನಮ್ಮ ರಾಜ್ಯದಲ್ಲಿ ಲಕ್ಷಾಂತರ ಕೃಷಿ ಪಂಪ್‌ಸೆಟ್‌ಗಳಿವೆ. ಅವನ್ನೆಲ್ಲ ಹಗಲಿನ ಸೋಲಾರ್ ಕರೆಂಟಿಗೇ ತಂದರೆ ಬೋರ್‌ವೆಲ್ ನೀರು ತುಂಬಿದ ಹೊಂಡವೇ ಒಂದು ಥರದ ಬ್ಯಾಟರಿ. ರಾತ್ರಿ ಎರಡು ಗಂಟೆಗೆ ಎದ್ದು ಮೋಟರ್ ಹಾಕೋಕೆ ಹೋಗಿ ಹಾವು ತುಳಿಯೋ ಕಷ್ಟವೂ ರೈತರಿಗೆ ತಪ್ಪುತ್ತೆ.

ಇವುಗಳಲ್ಲಿ ಒಂದೊಂದಕ್ಕೂ ಅದರದ್ದೇ ಖರ್ಚು, ತೊಂದರೆ ಇದೆ. ಬ್ಯಾಟರಿಗೆ ಲಿಥಿಯಂ ಎಲ್ಲೋ ಅಗೀಬೇಕು, ಒಣ ಗುಡ್ಡದಲ್ಲೂ ಕುರಿ ಮೇಯಿಸೋರು ಇರ್ತಾರೆ. ಆದ್ದರಿಂದಲೇ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ತೂಗಬೇಕು. ತೂಗೋವಾಗ ಶರಾವತಿಯ ಕಾಲಂನಲ್ಲಿ ‘54 ಹೆಕ್ಟೇರ್’ ಅಂತ ಬರೆದು ಮುಗಿಸಬಾರದು. ‘ಕಾಡು ಎಷ್ಟು ತುಂಡಾಗುತ್ತೆ, ಎಷ್ಟು ಸಿಂಗಳೀಕ ಗುಂಪುಗಳ ದಾರಿ ಕಟ್ಟಾಗುತ್ತೆ’ ಅಂತ ಬರೀಬೇಕು. ಆ ಯೂನಿಟ್‌ನಲ್ಲಿ ಬರೆದರೆ ಸಿಂಗಳೀಕ ಅಭಯಾರಣ್ಯ ಅನ್ನೋದು ಇಂಥ ಕಾಮಗಾರಿಗೆ ನಾವು ಕೊನೆಗೆ ಆರಿಸಬೇಕಾದ ಜಾಗ ಅನ್ನೋದು ನನ್ನ ಅಭಿಪ್ರಾಯ. ಅದೇ ಹೆಸರಿನಲ್ಲಿ ಅಭಯಾರಣ್ಯ ಮಾಡಿ, ಅದರೊಳಗೇ ಮೊದಲು ಅಗೆಯೋಕೆ ಹೋದರೆ, ಅಭಯ ಅನ್ನೋ ಪದಕ್ಕೆ ಅರ್ಥ ಏನು?

ಲೆಕ್ಕ ಹಾಕಿಯೇ ಉಳಿಸಿದ ಕಾಡು

‘ಅಭಿವೃದ್ಧಿ ಕಡೆ ಎಂಜಿನಿಯರ್ಸ್, ಕಾಡಿನ ಕಡೆ ಕವಿಗಳು’ ಅನ್ನೋ ಒಂದು ಕಲ್ಪನೆ ನಮ್ಮಲ್ಲಿದೆ. ಇದನ್ನ ಸುಳ್ಳು ಮಾಡಿದ ಕಥೆ ಪಕ್ಕದ ಕೇರಳದ್ದು.

ಪಾಲಕ್ಕಾಡ್ ಜಿಲ್ಲೆಯ ಸೈಲೆಂಟ್ ವ್ಯಾಲಿಯಲ್ಲಿ ಕುಂತಿಪುಳ ಹೊಳೆಗೆ ಅಣೆಕಟ್ಟು ಕಟ್ಟಿ 120 ಮೆಗಾವ್ಯಾಟ್ ಕರೆಂಟ್ ತೆಗೆಯೋ ಯೋಜನೆಗೆ 1973ರಲ್ಲಿ ಒಪ್ಪಿಗೆ ಸಿಕ್ಕಿತ್ತು. ಅದೂ ಸಿಂಗಳೀಕದ ಮಳೆಕಾಡೇ. ಮುಳುಗೋದು ಸುಮಾರು 830 ಹೆಕ್ಟೇರ್. ಸ್ವಲ್ಪವೇ ಕಾಡು ಹೋಗೋದು ಅನ್ನೋ ವಾದ ಆಗಲೂ ಇತ್ತು. ಸುಗತಕುಮಾರಿಯವರಂಥ ಕವಿಗಳು ಕಾಡಿನ ಪರ ನಿಂತರು, ಅದು ಎಲ್ಲರಿಗೂ ಗೊತ್ತು. ಆದರೆ 1979ರಲ್ಲಿ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಯೋಜನೆಯ ತಾಂತ್ರಿಕ, ಆರ್ಥಿಕ ಲೆಕ್ಕವನ್ನೇ ಬಿಡಿಸಿ ನೋಡಿದ ಒಂದು ಪುಸ್ತಿಕೆ ತಂದಿತು. ಅದನ್ನ ಬರೆದವರಲ್ಲಿ ಸಸ್ಯಶಾಸ್ತ್ರಜ್ಞ ಎಂ. ಕೆ. ಪ್ರಸಾದ್ ಇದ್ದರು. ಜೊತೆಗೆ ಪರಮಾಣು ಎಂಜಿನಿಯರ್ ಎಂ. ಪಿ. ಪರಮೇಶ್ವರನ್, ಎಲೆಕ್ಟ್ರಿಕಲ್ ಎಂಜಿನಿಯರ್ ವಿ. ಕೆ. ದಾಮೋದರನ್, ಅರ್ಥಶಾಸ್ತ್ರಜ್ಞ ಕೆ. ಪಿ. ಕಣ್ಣನ್ ಕೂಡ ಇದ್ದರು. ಮಲಬಾರಿನ ಕರೆಂಟ್ ಕೊರತೆಗೆ ಈ ಅಣೆಕಟ್ಟೊಂದೇ ದಾರಿ ಅಲ್ಲ ಅಂತ ಅವರು ವಾದ ಮಾಡಿದ್ದು ಎಂಜಿನಿಯರಿಂಗ್ ಭಾಷೆಯಲ್ಲೇ. ಹಳ್ಳಿಹಳ್ಳಿಗಳಲ್ಲಿ ಚರ್ಚೆ ನಡೆದದ್ದು ಮಲಯಾಳದಲ್ಲಿ. 1983ರಲ್ಲಿ ಯೋಜನೆ ಕೈಬಿಟ್ಟರು, 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನ ಅಂತ ಘೋಷಣೆ ಆಯ್ತು. ಇವತ್ತು ಕೇರಳ ಕತ್ತಲಲ್ಲಿ ಕೂತಿಲ್ಲ, ಸಿಂಗಳೀಕವೂ ಅಲ್ಲಿದೆ.

120 ಎಲ್ಲಿ, 2000 ಎಲ್ಲಿ, ಎರಡನ್ನ ಹೋಲಿಸಬೇಡಿ ಅನ್ನಬಹುದು. ಸರಿ. ಯೋಜನೆ ದೊಡ್ಡದಾದಷ್ಟೂ ಪರ್ಯಾಯಗಳ ಲೆಕ್ಕವೂ ದೊಡ್ಡದಾಗಿ, ಗಟ್ಟಿಯಾಗಿ ನಡೀಬೇಕು ಅಂತಲೇ ನಾನೂ ಹೇಳ್ತಿರೋದು.

ನಮ್ಮಲ್ಲೂ ಇಂಥದ್ದು ನಡೆದಿದೆ. 1980ರ ದಶಕದ ಆರಂಭದಲ್ಲಿ ಬೇಡ್ತಿ ನದಿಯ ಜಲವಿದ್ಯುತ್ ಯೋಜನೆ ಬಂದಾಗ ಶಿರಸಿ, ಯಲ್ಲಾಪುರ ಭಾಗದ ಅಡಿಕೆ ಬೆಳೆಗಾರರು ಬರೀ ಘೋಷಣೆ ಕೂಗಲಿಲ್ಲ. ವಿಜ್ಞಾನಿಗಳನ್ನ ಕರೆಸಿ, ಶಿರಸಿಯಲ್ಲಿ ವಿಚಾರ ಸಂಕಿರಣ ಮಾಡಿ, ಲಾಭ ನಷ್ಟದ ಲೆಕ್ಕ ತಾವೇ ಹಾಕಿಸಿದರು. ಆ ಯೋಜನೆ ನಿಂತಿತು.

ಅಲ್ಲಿರೋ ಜನ

ಕಾಡಿನ ಲೆಕ್ಕದಲ್ಲಿ ಇನ್ನೊಂದು ತಪ್ಪೂ ಆಗುತ್ತೆ: ಅಲ್ಲಿ ಬದುಕಿರೋ ಜನರನ್ನ ಬಿಟ್ಟುಬಿಡೋದು. ಲಿಂಗನಮಕ್ಕಿಯ ನೀರಿಗೆ ಊರು, ಗದ್ದೆ ಬಿಟ್ಟುಕೊಟ್ಟ ಕುಟುಂಬಗಳಲ್ಲಿ ಎಷ್ಟೋ ಮಂದಿ ಅರವತ್ತು ವರ್ಷ ಕಳೆದರೂ ಭೂಮಿಯ ಹಕ್ಕುಪತ್ರಕ್ಕೆ ಓಡಾಡ್ತಾ ಇದ್ದಾರೆ. ರಾಜ್ಯಕ್ಕೆ ಬೆಳಕು ಕೊಟ್ಟವರು ಅಂತ ಭಾಷಣದಲ್ಲಿ ಹೊಗಳ್ತೀವಿ, ಅಷ್ಟೇ. ಅವರಿಗೆ ‘ಅಭಯಾರಣ್ಯ’ ಅಂದ್ರೂ ಭಯ, ‘ಯೋಜನೆ’ ಅಂದ್ರೂ ಭಯ. ಆದ್ದರಿಂದ ಕಾಡು ಉಳಿಸೋದು ಅಂದ್ರೆ ಜನರನ್ನ ಹೊರಗೆ ಹಾಕಿ ಬೇಲಿ ಕಟ್ಟೋದು ಅಂತ ಆಗಬಾರದು.

ಉಪ್ಪಾಗೆಯನ್ನೇ ತಗೊಳ್ಳಿ. ಸಿದ್ದಾಪುರ, ಶಿರಸಿ, ಹೊನ್ನಾವರದ ಕಡೆ ಮಳೆಗಾಲದಲ್ಲಿ ಜನ ಉಪ್ಪಾಗೆ ಹಣ್ಣು ಕೂಡಿಸಿ, ಸಿಪ್ಪೆ ಒಣಗಿಸಿ ಮಾರ್ತಾರೆ. ಎಷ್ಟೋ ಮನೆಗೆ ಅದು ಆ ವರ್ಷದ ಕೈಕಾಸು. ಸಿಂಗಳೀಕಕ್ಕೂ ಉಪ್ಪಾಗೆ ಮುಖ್ಯ ಊಟ. ಹಣ್ಣಾಗೋ ಮೊದಲೇ, ಕೊಂಬೆ ಸಮೇತ ಕೊಯ್ದರೆ ಇಬ್ಬರಿಗೂ ನಷ್ಟ. ಹದವಾಗಿ, ಮರ ಉಳಿಸಿ ಕೂಡಿಸಿದರೆ ಇಬ್ಬರಿಗೂ ಉಂಟು. 2011ರಲ್ಲಿ ಅಘನಾಶಿನಿ ಕಣಿವೆಯ ಸುಮಾರು 300 ಚದರ ಕಿಲೋಮೀಟರ್ ಕಾಡನ್ನ ಸಿಂಗಳೀಕ ಸಂರಕ್ಷಣಾ ಮೀಸಲು ಅಂತ ಮಾಡಿದಾಗ ಇದೇ ಯೋಚನೆ ಇತ್ತು. ಜನರನ್ನ ಎಬ್ಬಿಸದೆ, ಅವರ ಜೊತೆಗೇ ಕಾಡು ಕಾಯೋದು. ಆಮೇಲೆ ಆ ಭಾಗವೂ ದೊಡ್ಡ ಅಭಯಾರಣ್ಯದೊಳಗೆ ಸೇರಿತು. ಹೆಸರು ಏನೇ ಆಗಲಿ, ಆ ಯೋಚನೆ ಬಿಟ್ಟುಹೋಗಬಾರದು.

ಎಂಜಿನಿಯರಿಂಗ್ ಕಾಡಿನ ಕಡೆಗೂ ಕೆಲಸ ಮಾಡಬಹುದು ಅನ್ನೋದಕ್ಕೆ ತಮಿಳುನಾಡಿನ ಆನೈಮಲೈ ಬೆಟ್ಟದ ವಾಲ್‌ಪಾರೈ ನೋಡಿ. ಅಲ್ಲಿ ಟೀ ಎಸ್ಟೇಟ್‌ಗಳ ಮಧ್ಯೆ ಕಾಡು ತುಣುಕು ತುಣುಕಾಗಿದೆ. ರಸ್ತೆ ದಾಟುವಾಗ ಸಿಂಗಳೀಕಗಳು ವಾಹನಕ್ಕೆ ಸಿಕ್ಕಿ ಸಾಯ್ತಿದ್ದವು. ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನವರು ಅರಣ್ಯ ಇಲಾಖೆ ಜೊತೆ ಸೇರಿ, ಫೈರ್ ಎಂಜಿನ್‌ನ ಹಳೆಯ ಹೋಸ್ ಪೈಪುಗಳನ್ನ ರಸ್ತೆಯ ಈಚೆ ಮರದಿಂದ ಆಚೆ ಮರಕ್ಕೆ ಕಟ್ಟಿದರು. ಸಿಂಗಳೀಕಗಳು ಆ ಸೇತುವೆ ಬಳಸೋಕೆ ಕಲಿತವು. ಇದು ಕತ್ತರಿಸೋಕೆ ಲೈಸೆನ್ಸ್ ಅಲ್ಲ, ಮೊದಲೇ ಕತ್ತರಿಸಿದ ಜಾಗಕ್ಕೆ ಹೊಲಿಗೆ. ನಮ್ಮ ಘಟ್ಟದ ಹಳೆಯ ರಸ್ತೆಗಳಲ್ಲೂ ಇಂಥ ಹೊಲಿಗೆ ಬೇಕಾದ ಜಾಗಗಳಿವೆ. ಫೈನಲ್ ಇಯರ್ ಪ್ರಾಜೆಕ್ಟಿಗೆ ಇನ್ನೊಂದು ಪಾರ್ಕಿಂಗ್ ಆ್ಯಪ್ ಮಾಡೋ ಬದಲು ಇದನ್ನ ಯಾಕೆ ಯೋಚಿಸಬಾರದು?

ನಮ್ಮ ಸಂಘಕ್ಕೊಂದು ಕೆಲಸ

ಕೊನೆಗೆ ನೇರವಾಗಿ ನಮ್ಮ ವಿಷಯ. 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ ಪ್ರಕಾರ ಇಂಥ ಯೋಜನೆಗಳ ಸಾರ್ವಜನಿಕ ವಿಚಾರಣೆಗೆ ಕನಿಷ್ಠ 30 ದಿನ ಮೊದಲು ಸೂಚನೆ ಕೊಡಬೇಕು, ವರದಿಯ ಸಾರಾಂಶ ರಾಜ್ಯದ ಭಾಷೆಯಲ್ಲೂ ಇರಬೇಕು. ಸಾರಾಂಶ ಮಾತ್ರ. ನೂರಾರು ಪುಟದ ಮುಖ್ಯ ವರದಿ ಇಂಗ್ಲಿಷಿನಲ್ಲಿ. ಅದರಲ್ಲಿ ಮಕ್ ಡಿಸ್ಪೋಸಲ್, ಬೇಸ್‌ಲೈನ್, ಮಿಟಿಗೇಷನ್ ಅಂತೆಲ್ಲ ಇರುತ್ತೆ. ಗೇರುಸೊಪ್ಪದ ಮೀನುಗಾರರೋ ಕಾರ್ಗಲ್ಲಿನ ಅಂಗಡಿಯವರೋ ಅದನ್ನ ಓದಿ ಪ್ರಶ್ನೆ ಕೇಳೋದು ಹೇಗೆ? ಕಾಡನ್ನ ದಿನಾ ನೋಡೋರಿಗೆ ವರದಿ ಓದೋಕೆ ಬರಲ್ಲ, ವರದಿ ಓದೋಕೆ ಬರೋರು ಕಾಡು ನೋಡಿಲ್ಲ. ತಪ್ಪು ಯೂನಿಟ್ ಇಷ್ಟು ವರ್ಷ ಯಾರ ಕೈಗೂ ಸಿಗದೆ ಉಳಿದಿರೋಕೆ ಇದೂ ಒಂದು ಕಾರಣ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ, ಮನೆಯಲ್ಲಿ ಕನ್ನಡ ಮಾತಾಡೋ, ಟೆಕ್ನಿಕಲ್ ಪದ ಅರ್ಥ ಆಗೋ ನಮ್ಮಂಥವರು ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದ್ದೀವಿ. ಕನ್ನಡ ಸಂಘ ಅಂದ್ರೆ ನವೆಂಬರಿನಲ್ಲಿ ಬಾವುಟ, ಹಾಡು, ಒಂದು ಆರ್ಕೆಸ್ಟ್ರಾ ಅಂತ ಆಗಿದೆ. ಅವೆಲ್ಲ ಇರಲಿ. ಜೊತೆಗೆ ಘಟ್ಟದ ಒಂದು ಯೋಜನೆಯ ವರದಿ ಹಿಡ್ಕೊಂಡು, ಅಧ್ಯಾಯಕ್ಕೆ ಇಬ್ಬರಂತೆ ಹಂಚಿಕೊಂಡು, ಆ ಊರಿನವರು ಓದೋ ಕನ್ನಡಕ್ಕೆ ತರೋಣ. ಪ್ರತಿ ಅಧ್ಯಾಯದ ಕೊನೆಗೆ ಎರಡು ಪ್ರಶ್ನೆ ಸೇರಿಸೋಣ: ಇಲ್ಲಿ ಕಾಡು ಎಲ್ಲೆಲ್ಲಿ ತುಂಡಾಗುತ್ತೆ? ಬೇರೆ ದಾರಿಯ ಲೆಕ್ಕ ಹಾಕಿದ್ದಾರಾ?

ಈ ಸೆಮಿಸ್ಟರ್ ಮುಗಿಯೋದರೊಳಗೆ ಒಂದು ಅಧ್ಯಾಯ ಸಾಕು. ನಾನು ಸಸ್ಯ, ಪ್ರಾಣಿಗಳ ಅಧ್ಯಾಯ ತಗೋತೀನಿ. ಸಿವಿಲ್‌ನವರು ಸುರಂಗ, ರಸ್ತೆಯ ಅಧ್ಯಾಯ ತಗೊಳ್ಳಿ. ಎಲೆಕ್ಟ್ರಿಕಲ್‌ನವರಿಗೆ ಪರ್ಯಾಯಗಳದ್ದು. ಯಾರ್ಯಾರು ಬರ್ತೀರಿ, ಹೇಳಿ.